ಸಾಕು ಎಂದರೂ ಬಡಿಸುತ್ತಿದ್ದ ಹೊಳಿಯಪ್ಪ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಬ್ಯಾಡಗಿಯ ವಿರೂಪಾಕ್ಷಪ್ಪನ ಖಾನಾವಳಿಯಲ್ಲಿ ಹೊಳಿಯಪ್ಪ ಎಡಗೈಯಲ್ಲಿ ಬಿಸಿ ರೊಟ್ಟಿಯ ಬುಟ್ಟಿ ಹಿಡಿದುಕೊಂಡು, ಆಗಲೇ ಎರಡು ಸಲ ‘ಸಾಕ್ರಿ’ ಎಂದಿದ್ದ ಹೆಣ್ಣುಮಗಳೊಬ್ಬಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದ. 2018ರ ಫೆಬ್ರುವರಿಯ ಒಂದು ಸೋಮವಾರ. ಮೆಣಸಿನಕಾಯಿ ಪೇಟೆಯ ದಿನವಾದ್ದರಿಂದ ಬೀದಿಯ ತುಂಬ ಚೀಲದ ಗಾಡಿಗಳು ನಿಂತಿದ್ದವು. ಒಳಗೆ ಬಂದವರು ಮೊದಲು ಸೀನಿ, ಮೂಗು ಒರೆಸಿಕೊಂಡು, ಆಮೇಲೆ ಕೈ ತೊಳೆಯಲು ಹೋಗುತ್ತಿದ್ದರು.

“ಸಾಕ್ರಿ ಅಂದ್ನೆಲ್ಲರಿ,” ಎಂದಳು ಆ ಹೆಣ್ಣುಮಗಳು.

“ಉಣ್ರಿ ತಂಗಿ, ಬಿಸಿ ಐತಿ,” ಎಂದು ಹೊಳಿಯಪ್ಪ ರೊಟ್ಟಿಯ ಪಕ್ಕಕ್ಕೆ ಒಂದು ಎಣ್ಣೆಗಾಯಿಯನ್ನೂ ಇಳಿಸಿದ.

ಎದುರಿಗಿದ್ದ ಗಂಡ ತನ್ನ ತಾಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. “ಊಟಕ್ಕೆ ಬಂದೀವೋ, ಶಿಕ್ಷೆಗೆ ಬಂದೀವೋ?” ಎಂದು ಹೆಂಡತಿಯನ್ನು ಕೇಳಿದ. ಹೊಳಿಯಪ್ಪ ನಗುತ್ತ, ತೊಡೆಯ ಮೇಲಿದ್ದ ಆ ತಾಟಿಗೂ ಒಂದು ರೊಟ್ಟಿ ಹಾಕಿ ಮುಂದಿನ ಮೇಜಿಗೆ ಹೋದ.

ಆ ಗಂಡ ಹೆಂಡತಿ ದಾವಣಗೆರೆ ಕಡೆಯವರಂತೆ. ಕೈ ತೊಳೆದು ಹೊರಗೆ ಕಾರಿನಲ್ಲಿ ಕುಳಿತವರು ಹೊರಡುವ ಮೊದಲೇ ಮೊಬೈಲಿನಲ್ಲಿ ಖಾನಾವಳಿಯ ಬಗ್ಗೆ ನಾಲ್ಕು ಸಾಲು ಬರೆದು ಹಾಕಿದ್ದರು. ದುಡ್ಡಿನ ಗಲ್ಲೆಯ ಮೇಲಿದ್ದ ಶಶಿಕಾಂತ ಅದನ್ನು ಉಣ್ಣುತ್ತಿದ್ದ ನಮ್ಮೆಲ್ಲರಿಗೂ ಕೇಳುವಂತೆ ಓದಿದ: ಊಟ ಬಹಳ ರುಚಿ, ಬಡಿಸುವ ಅಜ್ಜನಿಂದ ಮಾತ್ರ ದೇವರೇ ಕಾಪಾಡಬೇಕು.

ಶಶಿಕಾಂತ ವಿರೂಪಾಕ್ಷಪ್ಪನ ಮಗ. ತಂದೆ ತೀರಿಕೊಂಡ ಮೇಲೆ ಖಾನಾವಳಿಯ ಗೋಡೆಗೆ ಟೈಲ್ಸ್ ಹಾಕಿಸಿ, ಹಿಂದಿನ ಕೋಣೆಯನ್ನು ಕುಟುಂಬ ಸಮೇತ ಬರುವವರಿಗೆಂದು ಎ.ಸಿ. ಹಾಕಿಸಿ ತಂಪು ಮಾಡಿಸಿದ್ದ. ಕೆಟ್ಟವನಲ್ಲ. ಹೊಳಿಯಪ್ಪನ ಹೆಗಲ ಮೇಲೆ ಕುಳಿತು ಬೆಳೆದವನು, ಅವನನ್ನು ‘ಕಾಕಾ’ ಎಂದೇ ಕರೆಯುತ್ತಿದ್ದ. ಆ ದಿನವೂ ಹಾಗೆಯೇ ಕರೆದು ಹೇಳಿದ:

“ಕಾಕಾ, ಇವತ್ತಿಂದ ಒಮ್ಮೆ ಕೇಳಬೇಕು. ಸಾಕು ಅಂದ್ರ ಮುಗೀತು. ಯುಗಾದಿ ಮಟಾ ನೋಡ್ತೇನಿ. ಆಗಲಿಲ್ಲಂದ್ರ ಬಾಗಲದಾಗ ಕುರ್ಚಿ ಹಾಕಿಸ್ತೇನಿ, ಕೂಪನ್ ಹರಕೊಂತ ಆರಾಮ ಕುಂದ್ರು. ಪಗಾರ ಅದ ಇರತೈತಿ.”

“ಕುಂತು ಪಗಾರ ತಗೊಳ್ಳಾಕ ನಾ ಏನು ಸಾಹೇಬನ?” ಎಂದ ಹೊಳಿಯಪ್ಪ. ದನಿಯಲ್ಲಿ ತಮಾಷೆಯೇನೂ ಇರಲಿಲ್ಲ. ಮೂವತ್ತು ವರ್ಷ ಆ ಮೇಜುಗಳ ನಡುವೆ ಓಡಾಡಿದವನಿಗೆ ಬಾಗಿಲ ಕುರ್ಚಿ ಎಂದರೆ ಏನು ಎಂಬುದು ಅಲ್ಲಿ ಉಣ್ಣುತ್ತಿದ್ದ ಎಲ್ಲರಿಗೂ ತಿಳಿಯುತ್ತಿತ್ತು.

ನಾನು ಆಗ ಪೇಟೆಯ ಆಚೆಗಿನ ಒಂದು ಕಾರ್ಖಾನೆಯಲ್ಲಿ ಮೆಣಸಿನಕಾಯಿಯ ಬಣ್ಣ ಅಳೆಯುವ ಕೆಲಸದಲ್ಲಿದ್ದೆ. ರಾಣೆಬೆನ್ನೂರಿನ ಮನೆಯಿಂದ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಮರಳುತ್ತಿದ್ದೆ. ಮಧ್ಯಾಹ್ನದ ಊಟ ಹೊಳಿಯಪ್ಪನ ಕೈಯಲ್ಲಿ. ಈಗ ಹಾವೇರಿಯಲ್ಲಿದ್ದೇನೆ. ಇಲ್ಲಿ ನಾನು ಊಟ ಮಾಡುವ ಹೋಟೆಲಿನಲ್ಲಿ ತಾಟು ತಂದಿಟ್ಟವರು ಬಿಲ್ಲಿನ ಜೊತೆಗೇ ಮತ್ತೆ ಕಾಣಿಸಿಕೊಳ್ಳುವುದು. ಅವರದು ತಪ್ಪೇನಲ್ಲ, ಕೇಳಿದರೆ ಕೊಡುತ್ತಾರೆ. ಆದರೂ ಕೊನೆಯ ತುತ್ತಿನ ಹೊತ್ತಿಗೆ ನನ್ನ ಬಲಗೈ ತಾನಾಗಿ ತಾಟಿಗೆ ಅಡ್ಡ ಬರುತ್ತದೆ. ಬಡಿಸುವವರು ಅಲ್ಲಿ ಯಾರೂ ಇರುವುದಿಲ್ಲ.

ಹೊಳಿಯಪ್ಪ ಕರ್ಜಗಿಯವನು. ಹತ್ತೊಂಬತ್ತನೆಯ ವಯಸ್ಸಿಗೆ ಬ್ಯಾಡಗಿಗೆ ಬಂದು ಮೆಣಸಿನಕಾಯಿ ಕುಟ್ಟುವ ಗಿರಣಿ ಸೇರಿದ. ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಬೆಳಗಿನಿಂದ ಸಂಜೆಯವರೆಗೆ ಎದ್ದು ಬೀಳುವ ಗಿರಣಿ ಅದು. ಅಲ್ಲಿ ಹನ್ನೆರಡು ವರ್ಷ ದುಡಿದ. ಊಟಕ್ಕೆ ಖಾನಾವಳಿಗೆ ಬರುತ್ತಿದ್ದವನು ಬಡಿಸುವವರು ಕಡಿಮೆ ಬಿದ್ದ ದಿನ ತಾನೇ ಎದ್ದು ಪಕ್ಕದವರಿಗೆ ಚಟ್ನಿ, ಮಜ್ಜಿಗೆ ಕೊಡುತ್ತಿದ್ದನಂತೆ.

“ನೀ ಉಣ್ಣಾಕ ಬರ್ತಿಯೋ, ಉಣಿಸಾಕ ಬರ್ತಿಯೋ?” ಎಂದು ಒಂದು ದಿನ ವಿರೂಪಾಕ್ಷಪ್ಪ ಕೇಳಿದ.

“ಎರಡಕ್ಕೂ ರಿ.”

“ಹಂಗಾರ ನಾಳಿಂದ ಗಿರಣಿಗೆ ಹೋಗಬ್ಯಾಡ.”

ಅವನ ನೇಮಕ ಅಷ್ಟೇ. ಅವನ ಹೆಂಡತಿ ದೇವವ್ವ ಕರ್ಜಗಿಯಲ್ಲೇ ಹೊಲ ನೋಡಿಕೊಂಡು ಉಳಿದಳು. ಹೊಳಿಯಪ್ಪ ಪೇಟೆಯ ಹಿಂದೆ ಒಂದು ಕೋಣೆ ಹಿಡಿದು, ಸೋಮವಾರ ರಾತ್ರಿ ಊರಿಗೆ ಹೋಗಿ, ಮಂಗಳವಾರ ಖಾನಾವಳಿಗೆ ರಜೆಯಾದ್ದರಿಂದ ಮನೆಯಲ್ಲಿದ್ದು ಬರುತ್ತಿದ್ದ. “ಒಂದ ದಿನ ಬರ್ತಾನ, ಆ ದಿನಾನೂ ನನ್ನ ಕುಂದ್ರಿಸಿ ತಾನ ನೀಡ್ತಾನ. ನನ್ನ ಮನ್ಯಾಗ ನಾನ ಗಿರಾಕಿ ಆಗೇನಿ ನೋಡ್ರಿ,” ಎಂದು ದೇವವ್ವ ಒಮ್ಮೆ ನನ್ನ ಮುಂದೆ ದೂರಿದ್ದಳು. ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅವನ ಉಪಚಾರ ತಾಟಿಗಷ್ಟೇ ಸೀಮಿತವಾಗಿರಲಿಲ್ಲ. ಬಿಸಿಲಲ್ಲಿ ಬಂದವರಿಗೆ ರೊಟ್ಟಿಗೆ ಮೊದಲು ಮಜ್ಜಿಗೆ. ಒಬ್ಬಂಟಿಯಾಗಿ ಬಂದ ಹೆಣ್ಣುಮಕ್ಕಳಿಗೆ ಗೋಡೆ ಬದಿಯ ಜಾಗ, ಅವರ ಊಟ ಮುಗಿಯುವ ತನಕ ಆ ಮೇಜಿಗೆ ಬೇರೆ ಯಾರನ್ನೂ ಕೂರಿಸುತ್ತಿರಲಿಲ್ಲ. ದಿನಾ ಬರುವವರು ಒಂದು ರೊಟ್ಟಿ ಕಡಿಮೆ ಉಂಡರೆ ವಿಚಾರಣೆ. “ಯಾಕ್ರಿ, ಜ್ವರಾನ? ಮನ್ಯಾಗ ಏನರ ಮಾತಾತೇನು?” ಇದನ್ನು ಅವನು ಮೆಲ್ಲಗೆ ಕೇಳುತ್ತಿರಲಿಲ್ಲ. ಬ್ಯಾಂಕಿನ ಒಬ್ಬ ಗುಮಾಸ್ತ ಹೆಂಡತಿಯೊಡನೆ ಜಗಳವಾಡಿ ಬಂದ ದಿನ ಇಡೀ ಖಾನಾವಳಿಗೆ ಗೊತ್ತಾಗಿ, ಎರಡು ಮೇಜಿನವರು ಸಮಾಧಾನ ಹೇಳಿ ಕಳಿಸಿದ್ದರು.

ತಪ್ಪಿಸಿಕೊಳ್ಳುವ ಕಲೆಯನ್ನೂ ಜನ ಬೆಳೆಸಿಕೊಂಡಿದ್ದರು. ಕೆಲವರು ಅವನು ಒಳಗೆ ಹೋದಾಗಲೇ ಎದ್ದು ಕೈ ತೊಳೆದುಬಿಡುತ್ತಿದ್ದರು. ಕಾಗಿನೆಲೆ ಕಡೆ ಮೆಣಸಿನಕಾಯಿ ಬೆಳೆಯುವ ಫಕ್ಕೀರಸಾಬ ಎರಡೂ ಕೈಯನ್ನು ಪೆಟ್ಟಿಗೆಯ ಮುಚ್ಚಳದಂತೆ ತಾಟಿನ ಮೇಲೆ ಇಡುತ್ತಿದ್ದ. ಹೊಳಿಯಪ್ಪ ರೊಟ್ಟಿಯನ್ನು ಆ ಕೈಗಳ ಮೇಲೆಯೇ ಹಾಕಿ ಹೋಗುತ್ತಿದ್ದ. ಬಿಸಿ ತಡೆಯದೆ ಫಕ್ಕೀರಸಾಬ ಕೈ ಎಳೆದುಕೊಂಡರೆ ರೊಟ್ಟಿ ತಾಟಿಗೆ ಬೀಳುತ್ತಿತ್ತು.

ಹಳೆಯ ಕಥೆಯೊಂದನ್ನು ವಿರೂಪಾಕ್ಷಪ್ಪ ಸಾಯುವವರೆಗೂ ಹೇಳುತ್ತಿದ್ದ. ಹೊಳಿಯಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಂಟೂರಿನ ವ್ಯಾಪಾರಿಯೊಬ್ಬ ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ “ಚಾಲು, ಚಾಲು” ಎಂದನಂತೆ. ತೆಲುಗಿನಲ್ಲಿ ಹಾಗೆಂದರೆ ಸಾಕು. ಹೊಳಿಯಪ್ಪ ಸೌಟು ನಿಲ್ಲಿಸಲಿಲ್ಲ. ಸಾರು ತಾಟಿನ ಅಂಚು ದಾಟಿ ವ್ಯಾಪಾರಿಯ ಪಂಚೆಗೆ ಇಳಿದಾಗ ವಿರೂಪಾಕ್ಷಪ್ಪ ಗಲ್ಲೆ ಬಿಟ್ಟು ಓಡಿಬಂದ. “ಚಾಲೂ ಇಡು ಅಂದ್ರಿ, ಚಾಲೂ ಇಟ್ಟೇನಿ,” ಎಂದ ಹೊಳಿಯಪ್ಪ. ಮುಂದೆ ಆ ವ್ಯಾಪಾರಿ ಪ್ರತಿ ವರ್ಷ ಬಂದಾಗಲೂ ಬಾಗಿಲಲ್ಲೇ ನಿಂತು, “ಇವತ್ತು ಪಂಚೆ ಹಳೇದು ಉಟ್ಟೀನಿ,” ಎಂದು ಕೂಗುತ್ತಿದ್ದನಂತೆ.

ಹೀಗಿದ್ದವನಿಗೆ ಒಮ್ಮೆ ಮಾತ್ರ ಕೇಳು ಎಂದು ಅಪ್ಪಣೆಯಾಗಿತ್ತು. ಬುಧವಾರದಿಂದ ಹೊಳಿಯಪ್ಪ ನಿಜವಾಗಿಯೂ ಪ್ರಯತ್ನಿಸಿದ. ಅದನ್ನು ನಾನು ಕಣ್ಣಾರೆ ಕಂಡೆ. ಮೇಜಿನ ಬಳಿ ನಿಂತು, “ರೊಟ್ಟಿ?” ಎಂದು ಒಮ್ಮೆ ಕೇಳುವನು. ಉಣ್ಣುವವರು ತಲೆ ಬಗ್ಗಿಸಿಕೊಂಡೇ “ಸಾಕಪಾ” ಎನ್ನುವರು. ಹೊಳಿಯಪ್ಪ ರೊಟ್ಟಿ ಹಾಕುವನು. ಬೇಕೆಂದು ಮಾಡಿದಂತೆ ಕಾಣುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿದವನ ನೆಮ್ಮದಿ ಅವನ ಮುಖದಲ್ಲಿರುತ್ತಿತ್ತು. ಗಲ್ಲೆಯಲ್ಲಿ ಶಶಿಕಾಂತ ಹಣೆ ಒತ್ತಿಕೊಳ್ಳುತ್ತಿದ್ದ.

ಕಾರಣದ ಎಳೆ ಸಿಕ್ಕಿದ್ದು ಒಬ್ಬ ಪರಊರಿನವನಿಂದ. ನಮ್ಮ ಕಾರ್ಖಾನೆಯ ಯಂತ್ರ ರಿಪೇರಿಗೆ ಸಾಂಗ್ಲಿಯಿಂದ ಬಂದಿದ್ದ ಮೆಕ್ಯಾನಿಕ್‌ನನ್ನು ಒಂದು ದಿನ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಬರುತ್ತಿದ್ದ ಕನ್ನಡ ಬೆರಳೆಣಿಕೆಯಷ್ಟು ಮಾತು. ಹೊಳಿಯಪ್ಪ ಎರಡನೆಯ ರೊಟ್ಟಿ ತಂದಾಗ ಅವನು ತಲೆ ಎತ್ತದೆ, “ಬ್ಯಾಡ” ಎಂದ.

ಪಕ್ಕದ ಮೇಜಿನವರು ತಿರುಗಿ ನೋಡಿದರು. ನಮ್ಮ ಕಡೆ ತಾಟಿನ ಮುಂದೆ ಕುಳಿತು ಬೇಡ ಎನ್ನುವುದಿಲ್ಲ. ಅನ್ನಕ್ಕೆ ಬೇಡ ಎಂದರೆ ಅದು ಬಿಟ್ಟುಹೋಗುತ್ತದೆ ಎಂದು ಮಕ್ಕಳಿಗೆ ಮಾತು ಬರುವಾಗಲೇ ಕಲಿಸುತ್ತಾರೆ. ಹೊಟ್ಟೆ ಬಿರಿಯುವಂತಿದ್ದರೂ ಸಾಕು ಎನ್ನಬೇಕು. “ಊರ ಹೆಸರಿನ್ಯಾಗ ಬ್ಯಾಡ ಐತಿ, ಊಟದಾಗ ಬರಬಾರದು,” ಎಂದು ಫಕ್ಕೀರಸಾಬ ಮೆಕ್ಯಾನಿಕ್‌ನಿಗೆ ಬುದ್ಧಿ ಹೇಳಿದ.

ನನ್ನ ಗಮನ ಬೇರೆ ಕಡೆ ಇತ್ತು. ಬ್ಯಾಡ ಎಂದ ಕೂಡಲೇ ಹೊಳಿಯಪ್ಪ ರೊಟ್ಟಿ ಹಿಂದಕ್ಕೆ ತೆಗೆದುಕೊಂಡು ಹೋಗಿಬಿಟ್ಟಿದ್ದ. ಅಷ್ಟು ವರ್ಷಗಳಲ್ಲಿ ಅವನು ಒಂದೇ ಮಾತಿಗೆ ಮರಳಿದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಒಬ್ಬನೇ ಹೋಗಿ, ತಲೆ ಬಗ್ಗಿಸಿ, “ಸಾಕಪಾ” ಎಂದೆ. ರೊಟ್ಟಿ ಬಂತು. ಅದನ್ನು ಮುಗಿಸಿ, ಮನಸ್ಸಿಲ್ಲದ ಮನಸ್ಸಿನಿಂದ “ಬ್ಯಾಡ” ಎಂದೆ. ಹೋದ. ಅದರ ಮರುದಿನ ತಲೆ ಎತ್ತಿ, ಅವನ ಮುಖ ನೋಡಿ, ಕೈ ಆಡಿಸುತ್ತ “ಸಾಕು” ಎಂದೆ. ಸ್ವಲ್ಪ ಯೋಚಿಸಿ, ಅರ್ಧ ರೊಟ್ಟಿ ಹಾಕಿದ.

ಸಾಕು, ಹಾಕು. ಎರಡು ಮಾತಿಗೂ ಇರುವ ವ್ಯತ್ಯಾಸ ಮೊದಲಿನ ಅಕ್ಷರದ್ದು. ‘ಸ’ಕಾರ ಬಹಳ ತೆಳುವಾದ, ಮೇಲಿನ ಕಂಪನದ ಸದ್ದು. ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರ ಕಿವಿಯಿಂದ ಮೊದಲು ಜಾರಿಹೋಗುವುದು ಅಂಥ ಸದ್ದುಗಳೇ. ‘ಹ’ಕಾರ ಮೊದಲೇ ಬರಿಯ ಉಸಿರು. ಎರಡನ್ನೂ ತೆಗೆದರೆ ಉಳಿಯುವುದು ಒಂದೇ, “ಆಕಪಾ”. ‘ಬ್ಯಾಡ’ ದಪ್ಪ ಸದ್ದಿನ ಮಾತು, ಅದು ಮುಟ್ಟುತ್ತಿತ್ತು. ಎದುರಾಎದುರು ನಿಂತು ಮಾತಾಡುವಾಗ ಅವನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಉಣ್ಣುವವರ ತಲೆ ಬಗ್ಗಿರುತ್ತದೆ, ಬಾಯಲ್ಲಿ ತುತ್ತು ಇರುತ್ತದೆ. ಮೇಲೆ ನಿಂತವನಿಗೆ ಕಾಣುವುದು ನೆತ್ತಿ ಮಾತ್ರ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವವರ ಹಿರಿಯಳು ಪ್ರೇಮವ್ವ. ಅವಳಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲೂ ಇಲ್ಲ.

“ಈಗ ಗೊತ್ತಾತೇನ್ರಿ ಸರ ನಿಮಗ? ನಾವು ರೊಟ್ಟಿ ಆತು ಅಂತ ಬಾಯಿಲೆ ಹೇಳೋದು ಬಿಟ್ಟು ಎಷ್ಟು ವರ್ಷ ಆತು. ಲಟ್ಟಣಿಗಿಲೆ ಕಟ್ಟಿ ಮ್ಯಾಲ ಬಡೀತೇವಿ, ಓಡಿ ಬರ್ತಾನ.”

“ಶಶಿಕಾಂತಗ ಯಾಕ ಹೇಳಿಲ್ಲ?”

“ಹೇಳಿದ್ರ ಕಿವುಡ ಅಂತ ಕುಂದ್ರಸ್ತಾನ. ಹೇಳದಿದ್ರ ಮಾತು ಕೇಳಂಗಿಲ್ಲ ಅಂತ ಕುಂದ್ರಸ್ತಾನ. ಎರಡರಾಗ ಯಾವ್ದು ಚಲೋ ನೀವ ಹೇಳ್ರಿ. ಸಾಲಿ ಕಲತೀರಿ.”

ಹೊಳಿಯಪ್ಪನಿಗೇ ಹೇಳುವುದೆಂದು ತೀರ್ಮಾನವಾಯಿತು. ಊಟದ ಹೊತ್ತು ಮುಗಿದು ಅವನು ಮೇಜು ಒರೆಸುತ್ತಿದ್ದಾಗ ಎದುರು ಕುಳಿತು, ಕಿವಿ ತೋರಿಸಿಕೊಳ್ಳೋಣ, ಹಾವೇರಿಗೆ ಹೋಗಿ ಬರೋಣ ಎಂದೆ.

“ಯಾರ ಕಿವಿ?” ಎಂದ. “ಈಗ ನೀವು ಅಂದದ್ದು ಕೇಳಲಿಲ್ಲೇನು ನನಗ? ಹೊಟ್ಟಿ ತುಂಬ ಉಂಡು ನನ್ನ ಮ್ಯಾಲ ಅಪವಾದ ಹೊರಸ್ತೀರಲ್ಲ ಸರ!”

ಅವನ ಬೆನ್ನ ಹಿಂದೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರೇಮವ್ವ, “ಸಕ್ಕರಿ ತೀರೇತಿ,” ಎಂದಳು. ಸಾಮಾನ್ಯ ದನಿಯಲ್ಲೇ ಹೇಳಿದಳು. ಹೊಳಿಯಪ್ಪ ಮೇಜು ಒರೆಸುತ್ತಲೇ ಇದ್ದ. ಮತ್ತೆ ಹೇಳಿದಳು. ನಾನು ಅವನ ಹೆಗಲಾಚೆ ನೋಡುತ್ತಿದ್ದೆ. ನನ್ನ ನೋಟ ಹಿಡಿದು ಅವನು ತಿರುಗಿದ. ಅವಳನ್ನು ನೋಡಿದ, ನನ್ನನ್ನು ನೋಡಿದ. ಒರೆಸುವ ಬಟ್ಟೆಯನ್ನು ಮಡಚಿದ.

“ಏನಂದಿ ಪ್ರೇಮವ್ವ?”

ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಹೊಳಿಯಪ್ಪ ನನ್ನ ಕಡೆ ತಿರುಗಿದ. “ಕಾಡ್ತಾನ ಅಂತ ಬಿಡಿಸಿದ್ರ ನಡೀತೈತ್ರಿ ಸರ. ಅದರಾಗ ಒಂದು ಮಾನ ಐತಿ. ಕೇಳಸಂಗಿಲ್ಲ ಅಂತ ಬಿಡಿಸಿದ್ರ ನಾಳೆ ದೇವವ್ವನ ಮುಂದ ಯಾವ ಮಾರಿ ಇಟಗೊಂಡು ಕುಂದ್ರಲಿ?” ಎಂದ. ಆಮೇಲೆ, “ಮಂಗಳವಾರ ರಜಾ ಐತಿ. ಯಾರಿಗೂ ಹೇಳಬ್ಯಾಡ್ರಿ,” ಎಂದ.

ಹಾವೇರಿಯಲ್ಲಿ ಕಿವಿ ಪರೀಕ್ಷೆ ಮಾಡಿದವಳು ಸುಚಿತ್ರಾ ಎಂಬ ಎಳೆಯ ವಯಸ್ಸಿನ ಹುಡುಗಿ. ಮೊದಲು ಯಂತ್ರದ ಪರೀಕ್ಷೆ ಮುಗಿಸಿದಳು. ಆಮೇಲೆ ಒಂದು ಕಾಗದದಿಂದ ತನ್ನ ಬಾಯಿ ಮುಚ್ಚಿಕೊಂಡು, “ನಾ ಅಂದದ್ದನ್ನ ತಿರುಗಿ ಅನ್ರಿ ಕಾಕಾ,” ಎಂದಳು.

“ಮನಿ.”

“ಮನಿ.”

“ಹಾಕು.”

“ಹಾಕು.”

“ಸಾಕು.”

“ಹಾಕು ಅಂದ್ನೆಲ್ಲ ಈಗರ,” ಎಂದ ಹೊಳಿಯಪ್ಪ. “ಎರಡೆರಡ ಸಲ ಯಾಕ ಕೇಳತಿ ತಂಗಿ?”

ಕಾಗದದ ಹಿಂದೆ ಸುಚಿತ್ರಾ ನಕ್ಕಳೋ ಏನೋ, ಕಣ್ಣು ಸಣ್ಣದಾದವು. ಕಾಗದ ತೆಗೆದು ಮತ್ತೆ ಎದುರಿಗೆ ಹೇಳಿದಳು. ಈ ಸಲ ಅವನು ತುಟಿಗಳನ್ನು ದಿಟ್ಟಿಸಿ ನೋಡಿ, ಬಹಳ ಹೊತ್ತು ಬಿಟ್ಟು, “ಸಾಕು?” ಎಂದ. ಪ್ರಶ್ನೆ ಕೇಳಿದಂತಿತ್ತು, ಉತ್ತರ ಹೇಳಿದಂತಿರಲಿಲ್ಲ.

ಅವಳು ಗ್ರಾಫ್ ತೋರಿಸಿದಳು. ಗೆರೆ ಎಡಗಡೆಯಿಂದ ಸಮತಟ್ಟಾಗಿ ಬಂದು, ಬಲಗಡೆ ಕೆರೆಯ ಏರಿಯಿಂದ ಇಳಿದಂತೆ ಒಮ್ಮೆಲೇ ಕೆಳಗೆ ಹೋಗಿತ್ತು. ಗಿರಣಿಯ ಸದ್ದಿನಿಂದ ಶುರುವಾದದ್ದು, ವಯಸ್ಸಿನೊಂದಿಗೆ ಹೆಚ್ಚಿದೆ, ಕಿವಿಯ ಯಂತ್ರದಿಂದ ಬಹಳ ಮಟ್ಟಿಗೆ ಅನುಕೂಲವಾಗುತ್ತದೆ ಎಂದು ವಿವರಿಸಿದಳು.

“ಎಷ್ಟು ದಿನದಿಂದ ಹಿಂಗ ಇರಬೇಕು?”

“ಹತ್ತು ಹದಿನೈದು ವರ್ಷದ ಮಾತು ಕಾಕಾ. ಮೆಲ್ಲಕ ಆಗಿರತೈತಿ, ತಿಳದಿರಂಗಿಲ್ಲ.”

“ಅಂದ್ರ ಮಂದಿ ಸಾಕು ಅಂತಿದ್ರು.”

“ಅಂತಿದ್ರು.”

ಹೊಳಿಯಪ್ಪ ಗ್ರಾಫಿನ ಕಾಗದವನ್ನು ತಿರುವಿ ಹಿಂದುಗಡೆಯನ್ನೂ ನೋಡಿದ. “ನಾ ತಿಳಕೊಂಡದ್ದ ಬ್ಯಾರೆ,” ಎಂದ. “ಹಿಂದಕಿನವರು ಸಾಕು ಸಾಕು ಅಂತ ನಾಚಿಕೊಂಡು ಉಣ್ತಿದ್ರು. ಬರಬರತ ಒಬ್ಬರೂ ಸಾಕು ಅನ್ನೋದ ಬಿಟ್ರು. ಎಲ್ಲಾರೂ ಹಾಕು, ಹಾಕು. ನನಗ ಎಷ್ಟು ಖುಷಿ ಆಗಿತ್ತು ಗೊತ್ತೇನು ತಂಗಿ? ಮಂದಿ ಸಂಕೋಚ ಬಿಟ್ಟಾರ, ನಮ್ಮ ಖಾನಾವಳಿ ಅವರ ಮನಿ ಆಗೇತಿ ಅಂತ.”

ಸುಚಿತ್ರಾ ಯಂತ್ರಕ್ಕಾಗಿ ಅವನ ಕಿವಿಯ ಅಳತೆ ತೆಗೆದುಕೊಂಡಳು. ಮರಳುವಾಗ ಬಸ್ಸಿನಲ್ಲಿ ಮೋಟೆಬೆನ್ನೂರು ದಾಟುವವರೆಗೂ ಹೊಳಿಯಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ.

ಯಂತ್ರ ಬರುವಷ್ಟರಲ್ಲಿ ಯುಗಾದಿ ಹತ್ತಿರವಾಗಿತ್ತು. ಕಿವಿಯ ಹಿಂದೆ ಕೂರುವ ಹುರುಳಿಕಾಯಿಯಂಥ ಸಣ್ಣ ವಸ್ತು. ಹೊಳಿಯಪ್ಪ ಅದರ ಮೇಲೆ ಕಿವಿ ಮುಚ್ಚುವಂತೆ ರುಮಾಲು ಸುತ್ತಿಕೊಂಡ. ಒಂದು ಗುರುವಾರ, ಅದೂ ಪೇಟೆಯ ದಿನವೇ, ಅದನ್ನು ಹಾಕಿಕೊಂಡು ಬಡಿಸಲು ನಿಂತ.

ಮೊದಲ ಹದಿನೈದು ನಿಮಿಷ ಅವನ ಮುಖ ನೋಡುವಂತಿರಲಿಲ್ಲ. ತಾಟು ತಾಟಿಗೆ ತಾಗಿದರೆ ಬೆಚ್ಚಿಬೀಳುತ್ತಿದ್ದ. “ಏನ್ ಸರ ಇವು, ಇಷ್ಟು ಒದರ್ತಾವು?” ಎಂದು ನನ್ನ ಬಳಿ ಬಗ್ಗಿ ಹೇಳಿದ. ಆಗ ಪಕ್ಕದಲ್ಲಿ ಯಾರೋ ಖಡಕ್ ರೊಟ್ಟಿ ಮುರಿದರು. ಹೊಳಿಯಪ್ಪ ನಿಂತಲ್ಲೇ ನಿಂತ. ಅವರು ಇನ್ನೊಂದು ಚೂರು ಮುರಿಯುವವರೆಗೂ ಕಾದು, ಆ ಸಪ್ಪಳವನ್ನು ಮತ್ತೆ ಕೇಳಿದ. “ವಿರೂಪಾಕ್ಷಪ್ಪ ಧಣೇರು ಇದ್ದಾಗ ಕೇಳಿದ್ದು ಇದು,” ಎಂದ.

ಆಮೇಲೆ ಕೆಲಸ ಶುರುವಾಯಿತು. ಅಪ್ಪಣೆಯನ್ನು ಅವನು ಅಕ್ಷರಶಃ ಪಾಲಿಸಿದ. ಒಮ್ಮೆ ಕೇಳುವನು. ಸಾಕು ಎಂಬುದು ಕಿವಿಗೆ ಬೀಳುವುದು. ತಲೆ ಆಡಿಸಿ ಮುಂದೆ ಹೋಗುವನು. ಮೇಜಿನಿಂದ ಮೇಜಿಗೆ, ಸಾಕು, ಸಾಕು, ಸಾಕು. ಗಲ್ಲೆಯಿಂದ ಶಶಿಕಾಂತ ನೋಡುತ್ತಿದ್ದ. ಮೊದಲು ಹುಬ್ಬೇರಿಸಿದ, ಆಮೇಲೆ ಸಂತೋಷಪಟ್ಟ.

ಫಕ್ಕೀರಸಾಬ ಎಂದಿನ ಜಾಗದಲ್ಲಿದ್ದ. ರೊಟ್ಟಿ ಬಂದಾಗ ಎಂದಿನಂತೆ “ಸಾಕಪಾ” ಎಂದು, ರೊಟ್ಟಿ ಬೀಳಲೆಂದು ತುಸು ಹಿಂದಕ್ಕೆ ವಾಲಿ ಜಾಗ ಮಾಡಿಕೊಟ್ಟ. ಕಣ್ಣು ಬಿಟ್ಟು ನೋಡಿದರೆ ಹೊಳಿಯಪ್ಪ ಆಚೆ ಮೇಜಿನಲ್ಲಿದ್ದ. ತಾಟಿನಲ್ಲಿ ಅರ್ಧ ಎಣ್ಣೆಗಾಯಿ ಉಳಿದಿತ್ತು, ಹಚ್ಚಿಕೊಳ್ಳಲು ರೊಟ್ಟಿ ಇರಲಿಲ್ಲ.

“ಏ ಹೊಳಿಯಪ್ಪ! ನನ್ನ ಮ್ಯಾಲ ಏನ್ ಸಿಟ್ಟಪಾ?”

“ಸಿಟ್ಟೇನು? ಸಾಕು ಅಂದ್ಯಲ್ಲ.”

“ಅಂದೆ. ಅದಕ್ಕ?”

“ಅದಕ್ಕ ಬಿಟ್ಟೆ.”

“ಸಾಕು ಅಂದ್ರ ಬಿಟ್ಟ ಹೋಗೋದೇನೋ? ಹಾಕು ಅಂತ ಬಾಯಿ ಬಿಟ್ಟು ಬೇಡಾಕ ನನಗೇನು ಮರ್ಯಾದಿ ಇಲ್ಲೇನು?”

ಸುತ್ತಲಿದ್ದವರು ನಕ್ಕರು. ನಗುತ್ತಿದ್ದವರ ತಾಟುಗಳಲ್ಲೂ ಪಲ್ಯ ಉಳಿದು ರೊಟ್ಟಿ ಮುಗಿದಿತ್ತು. ಬೇಡ ಎನ್ನಬಾರದು, ಹಾಕು ಎಂದು ಕೇಳಬಾರದು. ತಾಟಿನ ಮುಂದೆ ಕುಳಿತ ಮರ್ಯಾದಸ್ಥನಿಗೆ ನಮ್ಮ ಕಡೆ ಉಳಿಯುವುದು ಒಂದೇ ಮಾತು. ಹೊಟ್ಟೆ ತುಂಬಿದರೂ ಅದೇ, ತುಂಬದಿದ್ದರೂ ಅದೇ. ಕಿವಿ ಕೇಳಿಸದ ಹೊಳಿಯಪ್ಪ ಅಷ್ಟು ವರ್ಷ ಆ ಮಾತನ್ನು ಒಂದೇ ಅರ್ಥದಲ್ಲಿ ತೆಗೆದುಕೊಂಡಿದ್ದ. ಈಗ ಕೇಳಿಸಿ, ಇನ್ನೊಂದೇ ಅರ್ಥದಲ್ಲಿ ತೆಗೆದುಕೊಂಡಿದ್ದ.

ಫಕ್ಕೀರಸಾಬ ಎದ್ದು ಗಲ್ಲೆಗೆ ಹೋದ. “ತಮ್ಮಾ, ನಿಮ್ಮಪ್ಪನ ಖಾನಾವಳ್ಯಾಗ ಇವತ್ತ ಮೊದಲನೇ ಸಲ ಅರ್ಧಾ ಹೊಟ್ಟಿಲೆ ಎದ್ದೆ,” ಎಂದ. ಅವನ ಹಿಂದೆಯೇ ಅಡಿಗೆಮನೆಯಿಂದ ಪ್ರೇಮವ್ವ ಬಂದು, ತುಂಬಿದ ಬುಟ್ಟಿಯನ್ನು ಗಲ್ಲೆಯ ಮೇಲೆ ಇಟ್ಟಳು. “ಪೇಟಿ ದಿನ ಇಷ್ಟು ರೊಟ್ಟಿ ಉಳದದ್ದು ನಾ ಕಂಡಿಲ್ಲ. ರೊಟ್ಟಿ ಕೆಟ್ಟಾವೋ, ಮಂದಿ ಕೆಟ್ಟಾರೋ ನೋಡಿ ಹೇಳ್ರಿ.”

ಶಶಿಕಾಂತ ಹೊಳಿಯಪ್ಪನನ್ನು ಕರೆದ. “ಕಾಕಾ, ಇವತ್ತ ಏನಾಗೇತಿ ನಿನಗ? ನನ್ನ ಮ್ಯಾಲ ಹಟಕ್ಕ ಬಿದ್ದು ಹಿಂಗ ಮಾಡಾಕತ್ತಿಯೇನು?”

ಹೊಳಿಯಪ್ಪ ರುಮಾಲು ಬಿಚ್ಚಿದ. ಗಲ್ಲೆಯ ಬಳಿ ನಿಂತ ಎಲ್ಲರಿಗೂ ಕಾಣುವಂತೆ ಕಿವಿ ತಿರುಗಿಸಿ ತೋರಿಸಿದ. “ಹತ್ತು ಹದಿನೈದು ವರ್ಷ ಆತಂತ. ಸಾಕು ಅಂದದ್ದು ನನಗ ಹಾಕು ಅಂತ ಕೇಳಸ್ತಿತ್ತು,” ಎಂದ.

ಯಾರೂ ನಗಲಿಲ್ಲ. ಶಶಿಕಾಂತನ ಮುಖ ಸಣ್ಣದಾಯಿತು.

“ಇಷ್ಟು ದಿನ ಯಾಕ ಹೇಳಲಿಲ್ಲ ಕಾಕಾ? ಕೇಳಿದ್ನೆಲ್ಲ ನಾನು, ಯಾಕ ಹಿಂಗ ಮಾಡ್ತಿ ಅಂತ.”

“ನೀ ಕೇಳಿದ್ದು ನನಗ ಕೇಳಿಸಿರಬೇಕಲ್ಲೊ.”

ಈ ಮಾತಿಗೆ ಫಕ್ಕೀರಸಾಬನೇ ಮೊದಲು ನಕ್ಕ. ನಗು ತಣ್ಣಗಾದ ಮೇಲೆ ಶಶಿಕಾಂತ, “ಆತು ಬಿಡು. ಬಾಗಲದಾಗ ಕುಂದ್ರು, ಕೆಲಸ ಹಗುರ ಆಗತೈತಿ. ಈ ವಯಸ್ಸಿಗೆ ಯಾಕ ಬೇಕು?” ಎಂದ. ಪ್ರೀತಿಯಿಂದಲೇ ಹೇಳಿದ. ಹೊಳಿಯಪ್ಪನಿಗೆ ಅದು ಶಿಕ್ಷೆಗಿಂತ ಕಷ್ಟವಾಯಿತು ಎಂಬುದು ಅವನು ರುಮಾಲು ಹಿಂಡುತ್ತಿದ್ದ ರೀತಿಯಲ್ಲಿ ಕಾಣುತ್ತಿತ್ತು.

“ಇನ್ನೊಂದು ಪಂಕ್ತಿ ಐತಿ. ಅದನ್ನ ನೋಡಿ ಕುಂದ್ರಿಸು,” ಎಂದ. “ಇವತ್ತ ಮುಂಜಾನಿಂದ ಮಂದಿ ಸಾಕು ಕೇಳಾಕತ್ತೇನಿ. ಎಲ್ಲಾ ಒಂದ ಥರ ಇಲ್ಲ ತಮ್ಮಾ.”

ರುಮಾಲನ್ನು ಹೆಗಲಿಗೆ ಹಾಕಿಕೊಂಡು, ಯಂತ್ರ ಎಲ್ಲರಿಗೂ ಕಾಣುವಂತೆಯೇ ಬುಟ್ಟಿ ಎತ್ತಿಕೊಂಡ. ಶಶಿಕಾಂತ ಗಲ್ಲೆ ಬಿಟ್ಟು ಅವನ ಹಿಂದೆ ನಡೆದ, ನಾನೂ ಹೋದೆ.

ತಂಪು ಕೋಣೆಯಲ್ಲಿ ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ ಕುಳಿತಿತ್ತು. ತಾಯಿ, ಮಗಳು, ಅಳಿಯ. ಹೊಳಿಯಪ್ಪ ಮಗಳಿಗೆ ರೊಟ್ಟಿ ಕೇಳಿದ. ಸಾಕು ಎಂದಳು. ತಲೆ ತುಸು ಬಗ್ಗಿಸಿ ಕೇಳಿಸಿಕೊಂಡ. ಹೋಗಲಿಲ್ಲ. “ಅರ್ಧಾ ಹಾಕ್ಲಿ?” ಎಂದ. ಸಾಕು ಎಂದಳು. ಇದು ಬೇರೆ ಸಾಕು, ನನಗೂ ಕೇಳಿಸಿತು. ಕೊನೆಯಲ್ಲಿ ಉಸಿರು ಇಳಿದಿತ್ತು. ಆಮೇಲೆ ಅವನು ಬಾಯಿ ತೆರೆಯಲಿಲ್ಲ. ಬುಟ್ಟಿಯನ್ನು ಅವಳ ಕಡೆಗೆ ಒಂದಿಷ್ಟು ವಾಲಿಸಿ, ಅವಳ ಮುಖ ನೋಡಿದ. ಅವಳು ತಲೆ ಎತ್ತಿ, ನಕ್ಕು, ಅಡ್ಡ ಆಡಿಸಿದಳು. ಹೊಳಿಯಪ್ಪ ಬುಟ್ಟಿ ಹಿಂದಕ್ಕೆ ತೆಗೆದುಕೊಂಡ. ತಾಯಿಗೂ ಹಾಗೆಯೇ ಎರಡು ಸಲ ಕೇಳಿ, ಸುಮ್ಮನೆ ಬುಟ್ಟಿ ವಾಲಿಸಿದ. ಆಕೆ ಅಳಿಯನ ಕಡೆ ಒಮ್ಮೆ ನೋಡಿ, ತಾಟನ್ನು ಒಂದು ಬೆರಳಿನಷ್ಟು ಮುಂದೆ ಸರಿಸಿದಳು. ರೊಟ್ಟಿ ಬಿತ್ತು. “ಏನ್ ಒತ್ತಾಯ ಮಾಡ್ತೀರಪಾ ನೀವು,” ಎಂದು ಮುರಿದು ಬಾಯಿಗಿಟ್ಟುಕೊಂಡಳು.

ಮುಂದೆ ಬಾಗಿಲಲ್ಲಿ ಕುರ್ಚಿ ಬಂತು, ಅದರಲ್ಲಿ ಕೂಪನ್ ಹರಿಯಲು ಶಶಿಕಾಂತನೇ ಕುಳಿತ. ಹೊಳಿಯಪ್ಪ ಮತ್ತೆ ನಾಲ್ಕು ವರ್ಷ ಬಡಿಸಿ, ಮೊಣಕಾಲು ಸೋತ ಮೇಲೆ ಕರ್ಜಗಿಗೆ ಹೋದ. ಈಗ ದೇವವ್ವನ ಗಿರಾಕಿ ಅವನೇ. ಹಾವೇರಿಯಿಂದ ನಾನು ಹೋದಾಗ ಇಬ್ಬರೂ ಸೇರಿ ಬಡಿಸುತ್ತಾರೆ, ತಾಟಿನ ಎರಡು ಬದಿಯಿಂದಲೂ ಕಾವಲು. ಆದರೆ ಆ ಗುರುವಾರ ತಂಪು ಕೋಣೆಯಿಂದ ಹೊರಗೆ ಬಂದು ನಿಂತಾಗ ಇದು ಯಾವುದೂ ನಿಶ್ಚಯವಿರಲಿಲ್ಲ.

“ನಾ ಒಮ್ಮೆ ಕೇಳು ಅಂದಿದ್ದೆ ಕಾಕಾ,” ಎಂದ ಶಶಿಕಾಂತ.

“ಒಮ್ಮೆ ಕೇಳಿದ್ರ ಹೋಟೆಲ್ ಆಗತೈತಿ.”

“ನೀ ಮೊದಲಿನಂಗ ಕೇಳಿದ್ರ ಜೈಲ್ ಆಗತೈತಿ.”

“ಅದೂ ಖರೇನ.”

“ಹಂಗಾರ ನೀನ ಹೇಳು. ಖಾನಾವಳಿ ಖಾನಾವಳಿ ಆಗಿ ಉಳೀಬೇಕಂದ್ರ ಎಷ್ಟು ಸಲ ಕೇಳಬೇಕು?”

ಹೊಳಿಯಪ್ಪ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಅಡಿಗೆಮನೆಯ ಬಾಗಿಲಲ್ಲಿ ಪ್ರೇಮವ್ವ, ಮೇಜಿನಲ್ಲಿ ಮತ್ತೆ ಕುಳಿತಿದ್ದ ಫಕ್ಕೀರಸಾಬ, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

“ಎರಡೂವರೆ,” ಎಂದು ಬುಟ್ಟಿಯನ್ನು ಒಂದಿಷ್ಟು ವಾಲಿಸಿದ.